ಈ ಕಾಫಿ ಯಾವ ತೋಟದ್ದು?

ನಾಸಿಕ್ ಜಿಲ್ಲೆಯ ನಿಫಾಡ್ ತಾಲೂಕೆಂದರೆ ದ್ರಾಕ್ಷಿ, ಈರುಳ್ಳಿಯ ಸೀಮೆ. ಲಾಸಲ್‌ಗಾಂವ್ ಈರುಳ್ಳಿ ಮಾರುಕಟ್ಟೆಯ ಹೆಸರು ಕೇಳದವರು ಕಡಿಮೆ. ಎಚ್‌ಎಎಲ್‌ನ ವಿಮಾನ ಕಾರ್ಖಾನೆಯಿರುವ ಓಝರ್ ಕೂಡ ಇದೇ ತಾಲೂಕಿನಲ್ಲಿದೆ. ಕಾರ್ಖಾನೆ, ಬ್ಯಾಂಕ್, ಹೋಟೆಲ್ ಎಂದು ಹೊಟ್ಟೆಪಾಡಿಗಾಗಿ ಈ ಕಡೆ ಬಂದ ನಾವು ಕನ್ನಡಿಗರು ಊರಿಗೆ ಹೋಗಿ ಬರುವಾಗ ಮರೆಯದೆ ತರುವ ವಸ್ತು ಒಂದಿದೆ. ಅದೇ ಕಾಫಿ ಪುಡಿ.

ಕಳೆದ ಚಳಿಗಾಲದಲ್ಲಿ ಪರಿಚಯದ ದ್ರಾಕ್ಷಿ ಬೆಳೆಗಾರರೊಬ್ಬರು ನಮ್ಮ ಮನೆಗೆ ಬಂದಿದ್ದರು. ಫಿಲ್ಟರ್ ಕಾಫಿ ಕುಡಿದು, "ಅಣ್ಣಾ, ಬಹಳ ಚೆನ್ನಾಗಿದೆ. ಯಾವ ತೋಟದ್ದು?" ಎಂದು ಕೇಳಿದರು. ಚಿಕ್ಕಮಗಳೂರಿನದು ಎಂದೆ. "ಅದು ಜಿಲ್ಲೆ ಆಯಿತು, ತೋಟ ಯಾವುದು?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಅವರು ಕೇಳಿದ್ದರಲ್ಲಿ ತಪ್ಪಿಲ್ಲ. ಯುರೋಪಿಗೆ ಹೋಗುವ ದ್ರಾಕ್ಷಿಗೆ 2006ರಿಂದ 'ಗ್ರೇಪ್‌ನೆಟ್' ಎಂಬ ವ್ಯವಸ್ಥೆ ಇದೆ. ಪ್ರತಿ ತೋಟಕ್ಕೂ ನೋಂದಣಿ ಸಂಖ್ಯೆ. ಪೆಟ್ಟಿಗೆಯ ಚೀಟಿ ಹಿಡಿದು ಹೊರಟರೆ ಬೆಳೆದ ರೈತನ ತೋಟಕ್ಕೇ ತಲುಪಬಹುದು.

ನಮ್ಮ ಕಾಫಿಗೂ ಹೆಸರಿಲ್ಲದೇ ಇಲ್ಲ. ಯೆಮನ್‌ನಿಂದ ಬಾಬಾ ಬುಡನ್ ಏಳು ಬೀಜ ತಂದರೆಂಬ ಕಥೆ ಎಲ್ಲರಿಗೂ ಗೊತ್ತು. 2019ರಲ್ಲಿ ಕೊಡಗು ಅರೇಬಿಕಾ, ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾಗಳಿಗೆ ಭೌಗೋಳಿಕ ಸೂಚಕ ಮಾನ್ಯತೆಯೂ ಸಿಕ್ಕಿತು. ದೇಶದ ಕಾಫಿಯಲ್ಲಿ ಸುಮಾರು ಶೇ. 70 ಕರ್ನಾಟಕದ್ದು. ಹಿಡುವಳಿಗಳನ್ನು ಎಣಿಸಿದರೆ ಬಹುಪಾಲು 10 ಹೆಕ್ಟೇರ್‌ಗಿಂತ ಚಿಕ್ಕವು. ಆದರೆ ಆ ಸಣ್ಣ ಬೆಳೆಗಾರನ ಹೆಸರು ಪೊಟ್ಟಣದ ಮೇಲೆ ಕಾಣುವುದು ಅಪರೂಪ.

ಮೂಡಿಗೆರೆ ಕಡೆ ನಾಲ್ಕು ಎಕರೆ ತೋಟವಿರುವ ನನ್ನ ತಂಗಿಯ ಗಂಡನನ್ನು ಈ ಬಗ್ಗೆ ಕೇಳಿದೆ. "ಭಾವ, ಮಳೆಗಾಲದಲ್ಲಿ ಗೊಬ್ಬರಕ್ಕೆ, ಮಕ್ಕಳ ಫೀಸಿಗೆ ವ್ಯಾಪಾರಿ ಹತ್ತಿರ ಮುಂಗಡ ತಗೊಂಡಿರ್ತೀವಿ. ಹಣ್ಣು ಕೊಯ್ದು ಕಣದಲ್ಲಿ ಒಣಗಿಸಿದ ಮೇಲೆ ಮೂಟೆ ಅವನಿಗೇ ಹೋಗಬೇಕು. ಅಲ್ಲಿ ಎಲ್ಲರದ್ದೂ ಸೇರಿ ಒಂದೇ ರಾಶಿ" ಎಂದರು. ಪಲ್ಪರ್ ಹಾಕಿಸಿ ಪಾರ್ಚ್‌ಮೆಂಟ್ ಮಾಡುವ ಶಕ್ತಿ ಅವರಿಗಿಲ್ಲ. 2001-02ರ ಸುಮಾರಿಗೆ ಬೆಲೆ ನೆಲಕಚ್ಚಿದಾಗ ತೋಟ ಮಾರುವ ಮಾತೂ ಬಂದಿತ್ತು. 2024-25ರಲ್ಲಿ ಬೆಲೆ ದಾಖಲೆ ಮಟ್ಟಕ್ಕೆ ಏರಿತು ನಿಜ. ಆದರೆ ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗ ಇನ್ನೂ ಹಿಂದಿರುಗುವ ಮನಸ್ಸು ಮಾಡಿಲ್ಲ.

ಒಗ್ಗಟ್ಟಾದರೆ ಏನಾಗುತ್ತದೆ ಎಂಬುದಕ್ಕೆ ಆಂಧ್ರದ ಅರಕು ಕಣಿವೆ ಸಾಕ್ಷಿ. ಅಲ್ಲಿನ ಆದಿವಾಸಿ ಕುಟುಂಬಗಳದ್ದು ತುಂಡು ತುಂಡು ಜಮೀನು. ಸಹಕಾರ ಸಂಘ ಕಟ್ಟಿಕೊಂಡು, ಕೆಂಪು ಹಣ್ಣನ್ನೇ ಆರಿಸಿ ಕೊಯ್ದು, ಒಂದೇ ಕಡೆ ಸಂಸ್ಕರಿಸಿದರು. ಆ ಕಾಫಿ ಬೇರೆ ಊರಿನ ಬೀಜದ ಜೊತೆ ಬೆರೆಯದೆ ಸ್ವಂತ ಹೆಸರಿನಲ್ಲೇ 2017ರಲ್ಲಿ ಪ್ಯಾರಿಸ್‌ನ ಅಂಗಡಿಗೆ ತಲುಪಿತು. ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಓದುವಾಗ ಸಹಕಾರ ತತ್ವವನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆ. ಅದರ ಅರ್ಥ ತಿಳಿದದ್ದು ಈಗ.

ಬ್ಯಾಂಕ್ ಗುಮಾಸ್ತನ ಒಂದು ಲೆಕ್ಕ ಕೇಳಿ. ಒಂದು ಕನ್ನಡ ಸಂಘದಲ್ಲಿ 50 ಮನೆಗಳಿದ್ದು, ಮನೆಗೆ ತಿಂಗಳಿಗೆ ಒಂದು ಕಿಲೋ ಪುಡಿ ಎಂದರೆ ವರ್ಷಕ್ಕೆ 600 ಕಿಲೋ. ಹುರಿಯುವಾಗ ತೂಕ ಇಳಿಯುವುದರಿಂದ ಸುಮಾರು 700 ಕಿಲೋ ಹಸಿ ಬೀಜ ಬೇಕು. ನಾಲ್ಕು ಎಕರೆಯ ಸಾಧಾರಣ ಅರೇಬಿಕಾ ತೋಟದ ವರ್ಷದ ಬೆಳೆ ಹೆಚ್ಚುಕಡಿಮೆ ಅಷ್ಟೇ! ನಮ್ಮ ಒಂದು ಸಂಘ ಕುಡಿಯುವ ಕಾಫಿ ಊರಿನ ಒಂದು ಕುಟುಂಬದ ಇಡೀ ಬೆಳೆ.

ಒಬ್ಬರಿಂದಲೇ ಕೊಳ್ಳಿ ಎಂದು ನಾನು ಹೇಳುತ್ತಿಲ್ಲ, ನನ್ನ ಭಾವನ ಪರ ವಕಾಲತ್ತೂ ಇದಲ್ಲ. ಹತ್ತಾರು ಸಣ್ಣ ಬೆಳೆಗಾರರು ಕೂಡಿದ ಗುಂಪಿನಿಂದ ನಮ್ಮ ಸಂಘಗಳು ನೇರವಾಗಿ ಖರೀದಿಸಬಹುದು. ಆದರೆ ಕೊಯ್ಲಾದ ಮೇಲೆ ಕೇಳಿದರೆ ಪ್ರಯೋಜನವಿಲ್ಲ. ಮುಂಗಡದ ಅಗತ್ಯ ಬೀಳುವ ಮಳೆಗಾಲದಲ್ಲೇ ಸದಸ್ಯರಿಂದ ಸ್ವಲ್ಪ ಹಣ ಕೂಡಿಸಿ, ರಸೀದಿ ಕೊಟ್ಟು, ಬೇಡಿಕೆ ಕಳಿಸಬೇಕು. ರಾಜ್ಯೋತ್ಸವದ ಊಟಕ್ಕೆ ಚಂದಾ ಎತ್ತುವ ನಮಗೆ ಇದು ಕಷ್ಟವಲ್ಲ.

ಮುಂದಿನ ಕಾರ್ಯಕಾರಿ ಸಮಿತಿ ಸಭೆಯಲ್ಲಿ ಪದಾಧಿಕಾರಿಗಳು ಈ ವಿಷಯವನ್ನು ಎತ್ತಿಕೊಳ್ಳಲಿ ಎಂದು ವಿನಂತಿ. ಆ ದ್ರಾಕ್ಷಿ ಬೆಳೆಗಾರ ಮಿತ್ರರು ಮತ್ತೊಮ್ಮೆ ಕಾಫಿಗೆ ಬಂದಾಗ ತೋಟದ ಹೆಸರು ಹೇಳಬೇಕೆಂಬ ಆಸೆ ನನ್ನದು.