ಬೆನ್ನಿನ ನರ ಸುಡಿಸುವ ಮುನ್ನ

ಮುಂಬಯಿಯ ಬೊರಿವಲಿಯ ಕನ್ನಡಿಗರಲ್ಲಿ ಬೆನ್ನು ಸವೆಸಿ ಬದುಕು ಕಟ್ಟಿದವರೇ ಹೆಚ್ಚು. ಊರಿನಿಂದ ಬಂದು ಹೋಟೆಲಿನ ದೋಸೆ ಕಾವಲಿಯ ಮುಂದೆ, ಗಲ್ಲಾದ ಹಿಂದೆ ದಿನವಿಡೀ ನಿಂತವರು. ಚರ್ಚ್‌ಗೇಟ್‌ವರೆಗಿನ ಸುಮಾರು 34 ಕಿಲೋಮೀಟರ್ ಲೋಕಲ್‌ನಲ್ಲಿ ಒಂದೇ ಕೈಯಲ್ಲಿ ಹಿಡಿಕೆ ಹಿಡಿದು ವರ್ಷಗಟ್ಟಲೆ ಓಡಾಡಿದವರು. ಐವತ್ತು ದಾಟುವಷ್ಟರಲ್ಲಿ ಇವರಲ್ಲಿ ಹಲವರ ಸೊಂಟ ಕೈಕೊಟ್ಟಿರುತ್ತದೆ. ಮಾತ್ರೆ, ಮುಲಾಮು, ಬೆಲ್ಟು, ಫಿಸಿಯೋಥೆರಪಿ ಎಲ್ಲ ಆದ ಮೇಲೆ ವೈದ್ಯರು ‘ರೇಡಿಯೋ ಫ್ರೀಕ್ವೆನ್ಸಿ ಮಾಡಿಸಿ ನೋಡೋಣ, ನೋವಿನ ನರವನ್ನು ಸುಟ್ಟುಬಿಡೋಣ’ ಎನ್ನುತ್ತಾರೆ. ಅಲ್ಲಿಂದ ಮನೆಯಲ್ಲಿ ಚರ್ಚೆ ಶುರು.

ಇಲ್ಲೇ ಇರುವ ನನ್ನ ಭಾವನಿಗೆ ಈ ಸಲಹೆ ಬಂದಾಗ ಅಕ್ಕ ಕೇಳಿದ್ದು ಒಂದೇ ಮಾತು: “ನರ ಸುಟ್ರೆ ಇವ್ರ ಕಾಲಿನ ಬಲ ಹೋಗುದಿಲ್ವಾ?” ಎಲ್ಲರೂ ಕೇಳುವ ಪ್ರಶ್ನೆ ಇದು. ಉತ್ತರವೂ ಸ್ಪಷ್ಟ. ಬೆನ್ನೆಲುಬಿನ ಹಿಂಭಾಗದಲ್ಲಿ ಪ್ರತಿ ಎರಡು ಮೂಳೆಗಳ ನಡುವೆ ಎಡಕ್ಕೊಂದು, ಬಲಕ್ಕೊಂದು ಚಿಕ್ಕ ಕೀಲಿದೆ. ಫ್ಯಾಸೆಟ್ ಕೀಲು ಎನ್ನುತ್ತಾರೆ. ಆ ಕೀಲಿನ ನೋವನ್ನು ಹೊತ್ತು ತರುವುದು ‘ಮೀಡಿಯಲ್ ಬ್ರಾಂಚ್’ ಎಂಬ ಸಣ್ಣ ನರ. ಸುಡುವುದು ಅದನ್ನು ಮಾತ್ರ. ಅದು ಬೆನ್ನಿನ ಒಳಸ್ನಾಯುವಿಗೆ ಹೋಗುತ್ತದೆ, ಕಾಲಿಗೆ ಹೋಗುವುದಿಲ್ಲ. ಕಾಲನ್ನು ಆಡಿಸುವ ದೊಡ್ಡ ನರದ ದಾರಿಯೇ ಬೇರೆ, ಅದು ಮುಂದಿನಿಂದ ಇಳಿಯುತ್ತದೆ.

ಸೂಜಿ ದಾರಿ ತಪ್ಪದಂತೆ ಪರೀಕ್ಷಿಸುವ ಕ್ರಮವೂ ಇದೆ. ರೋಗಿ ಹೊಟ್ಟೆಯಡಿ ದಿಂಬಿಟ್ಟು ಕವುಚಿ ಮಲಗುತ್ತಾನೆ. ಎಕ್ಸ್‌ರೇ ಪರದೆ ನೋಡುತ್ತ ವೈದ್ಯರು ಸೂಜಿಯ ತುದಿಯನ್ನು ಮೂಳೆಯ ಒಂದು ಮೂಲೆಗೆ ತಾಗಿಸುತ್ತಾರೆ. ಮೊದಲು 50 ಹರ್ಟ್ಸ್‌ನ ಸಣ್ಣ ವಿದ್ಯುತ್ ಹರಿಸಿ, ದಿನಾ ನೋಯುವ ಜಾಗದಲ್ಲೇ ಜುಮ್ ಎನ್ನುತ್ತಿದೆಯೇ ಎಂದು ಕೇಳುತ್ತಾರೆ. ಆಮೇಲೆ 2 ಹರ್ಟ್ಸ್. ಆಗ ಬೆನ್ನಿನ ಸ್ನಾಯು ಅದುರಬಹುದು, ಕಾಲು ಅದುರಕೂಡದು. ಅದುರಿದರೆ ಸೂಜಿಯ ಜಾಗ ಬದಲಿಸಬೇಕು. ಎಲ್ಲ ಸರಿಯಿದ್ದರೆ ಸುತ್ತಲಿನ ಜಾಗ ಮರಗಟ್ಟಿಸಿ, ತುದಿಯನ್ನು ಸುಮಾರು 80 ಡಿಗ್ರಿಗೆ ಕಾಯಿಸಿ ಒಂದು, ಒಂದೂವರೆ ನಿಮಿಷ ಹಿಡಿಯುತ್ತಾರೆ. ಸಾಮಾನ್ಯವಾಗಿ ಅದೇ ದಿನ ಮನೆಗೆ ಹೋಗಬಹುದು. ಕೆಲವು ದಿನ ಸೂಜಿ ಹೋದ ಜಾಗ ನೋಯುತ್ತದೆ. ಸುಟ್ಟ ನರ ಮತ್ತೆ ಬೆಳೆಯುತ್ತದೆ; ಫಲ ಸಿಕ್ಕಿದವರಿಗೂ ಅದು ಕೆಲವು ತಿಂಗಳಿಂದ ಒಂದು ವರ್ಷ, ಕೆಲವರಿಗೆ ಇನ್ನೂ ಸ್ವಲ್ಪ ಹೆಚ್ಚು. ಇದು ನೋವಿಗೆ ಬಿಡುವು, ರೋಗಕ್ಕೆ ಮದ್ದಲ್ಲ.

ಕಾಲಿನ ಭಯ ಹೋದ ಮೇಲೆ ನಿಜವಾದ ಪ್ರಶ್ನೆ ಉಳಿಯುತ್ತದೆ: ನೋವು ಆ ಕೀಲಿನಿಂದಲೇ ಬರುತ್ತಿದೆಯೇ? ಭಾವ ಎಂ.ಆರ್.ಐ. ಫಿಲಂ ಅನ್ನು ಕಿಟಕಿಯ ಬೆಳಕಿಗೆ ಹಿಡಿದು ‘ಇಲ್ಲಿ ನೋಡು, ಡಿಸ್ಕ್ ಉಬ್ಬಿದೆ’ ಎಂದು ಬಂದವರಿಗೆಲ್ಲ ತೋರಿಸುತ್ತಿದ್ದ. ಆದರೆ ಬೆನ್ನುನೋವೇ ಇಲ್ಲದವರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ವಿಮರ್ಶೆಯ ಪ್ರಕಾರ, ಇಪ್ಪತ್ತರ ಹರೆಯದಲ್ಲೇ ಶೇ 30ರಷ್ಟು ಜನರ ಡಿಸ್ಕ್ ಉಬ್ಬಿರುತ್ತದೆ, ಎಂಬತ್ತಕ್ಕೆ ಬಂದಾಗ ಶೇ 84. ನೋವಿನ ಮೂಲ ಬರೀ ಫಿಲಂ ನೋಡಿ ಗೊತ್ತಾಗುವುದಿಲ್ಲ. ಹಿಂದಕ್ಕೆ ಬಾಗಿದಾಗ, ತಿರುಗಿದಾಗ, ಹೆಚ್ಚು ಹೊತ್ತು ನಿಂತಾಗ ಕಾಡುವ, ಪೃಷ್ಠ ಅಥವಾ ತೊಡೆಯವರೆಗೆ ಹರಡುವ ನೋವು ಕೀಲಿನದಿರಬಹುದು, ಅಷ್ಟೇ. ಮೊಣಕಾಲು ದಾಟಿ ಪಾದದವರೆಗೆ ಜೋಮು ಹಿಡಿಯುವ ನೋವಿಗೆ ಈ ಚಿಕಿತ್ಸೆ ಅಲ್ಲ. ಮೂತ್ರ, ಮಲದ ಹಿಡಿತ ತಪ್ಪಿದರೆ, ತೊಡೆಸಂದಿ ಮರಗಟ್ಟಿದರೆ, ಕಾಲು ಸೋಲುತ್ತಾ ಬಂದರೆ ಯಾವ ಚರ್ಚೆಯೂ ಬೇಡ, ಆ ಕ್ಷಣವೇ ದೊಡ್ಡಾಸ್ಪತ್ರೆಗೆ ಓಡಬೇಕು.

ಈ ಚಿಕಿತ್ಸೆಯ ಚರಿತ್ರೆಯೇ ಎಚ್ಚರಿಕೆ ಹೇಳುತ್ತದೆ. 1970ರ ದಶಕದ ಆರಂಭದಲ್ಲಿ ಆಸ್ಟ್ರೇಲಿಯಾದ ರೀಸ್ ಎಂಬ ವೈದ್ಯರು ಸಣ್ಣ ಚಾಕುವಿನಿಂದಲೇ ಈ ನರ ಕತ್ತರಿಸಿ, ಬಂದವರಿಗೆಲ್ಲ ಗುಣವಾಯಿತು ಎಂಬರ್ಥದ ವರದಿ ಕೊಟ್ಟರು. ಅದೇ ದೇಶದ ಅಂಗರಚನಾ ತಜ್ಞ ನಿಕೊಲಾಯ್ ಬೊಗ್ಡುಕ್ ಮತ್ತು ಸಂಗಡಿಗರು ಪರೀಕ್ಷಿಸಿದಾಗ ಆ ಚಾಕು ನರವನ್ನು ಮುಟ್ಟುತ್ತಲೇ ಇರಲಿಲ್ಲ ಎಂದು ಗೊತ್ತಾಯಿತು. ನರ ಹಾಗೇ ಇದ್ದು ಜನ ಗುಣವಾದೆವೆಂದರು! ನೋವಿನ ವಿಷಯದಲ್ಲಿ ನಂಬಿಕೆಗೆ ಎಷ್ಟು ಬಲವಿದೆ ಎಂದು ಇದಕ್ಕಿಂತ ಚೆನ್ನಾಗಿ ತೋರಿಸುವ ಕಥೆ ನನಗೆ ಗೊತ್ತಿಲ್ಲ.

ತಜ್ಞರು ಇಂದಿಗೂ ಒಮ್ಮತಕ್ಕೆ ಬಂದಿಲ್ಲ. 2000ದಲ್ಲಿ ಅಮೆರಿಕದಲ್ಲಿ, ಕಟ್ಟುನಿಟ್ಟಾಗಿ ಆರಿಸಿದ ಬರೀ 15 ರೋಗಿಗಳಿಗೆ ಚಿಕಿತ್ಸೆ ಕೊಟ್ಟಾಗ ವರ್ಷದ ನಂತರವೂ ಶೇ 60ರಷ್ಟು ಜನರಿಗೆ ನೋವು ಬಹುಪಾಲು ಇಳಿದಿತ್ತು. 2017ರಲ್ಲಿ ನೆದರ್ಲೆಂಡ್ಸ್‌ನಲ್ಲಿ 681 ಜನರ ಮೇಲೆ ನಡೆದ ಪ್ರಯೋಗಗಳು, ಬರೀ ವ್ಯಾಯಾಮಕ್ಕಿಂತ ವ್ಯಾಯಾಮದ ಜೊತೆ ನರ ಸುಟ್ಟದ್ದರಿಂದ ಹೇಳಿಕೊಳ್ಳುವಂಥ ಲಾಭವಿಲ್ಲ ಎಂದವು. ರೋಗಿಗಳನ್ನು ಆರಿಸಿದ ರೀತಿಯೇ ಸಡಿಲ ಎಂದು ಚಿಕಿತ್ಸೆಯ ಪರ ಇರುವವರು ತಕರಾರು ತೆಗೆದರು. ಬ್ರಿಟನ್ನಿನ ನೈಸ್ ಸಂಸ್ಥೆಯ 2016ರ ಮಾರ್ಗಸೂಚಿ, ಉಳಿದ ಚಿಕಿತ್ಸೆ ಫಲಿಸದೆ, ನೋವು ಹತ್ತರಲ್ಲಿ ಐದು ಅಥವಾ ಹೆಚ್ಚಿದ್ದು, ಪರೀಕ್ಷಾ ಇಂಜೆಕ್ಷನ್‌ಗೆ ಇಳಿದರೆ ಮಾತ್ರ ಯೋಚಿಸಬಹುದು ಎನ್ನುತ್ತದೆ. 2025ರಲ್ಲಿ ಬಿ.ಎಂ.ಜೆ. ವೈದ್ಯಕೀಯ ಪತ್ರಿಕೆಯ ತಜ್ಞ ಸಮಿತಿ ಬೇಡವೆಂದೇ ಬಲವಾಗಿ ಹೇಳಿತು. ಇಷ್ಟು ಜಗಳವಿರುವಾಗ, ಒಂದೇ ಭೇಟಿಯಲ್ಲಿ ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕುವುದು ನನಗೆ ಸರಿ ಕಾಣುವುದಿಲ್ಲ.

ನಿರ್ಧಾರ ನಿಲ್ಲಬೇಕಾದದ್ದು ಆ ಪರೀಕ್ಷಾ ಇಂಜೆಕ್ಷನ್ ಮೇಲೆ. ಅದೇ ನರಕ್ಕೆ ಮರಗಟ್ಟಿಸುವ ಮದ್ದು ಒಂದು ಹನಿಯಷ್ಟು ಹಾಕುತ್ತಾರೆ. ಕೆಲವು ಗಂಟೆ ಕೆಲಸ ಮಾಡುತ್ತದೆ. ಆ ಗಂಟೆಗಳಲ್ಲಿ ಮನೆಗೆ ಹೋಗಿ ಮಲಗಬಾರದು. ಯಾವುದರಿಂದ ನೋವು ಬರುತ್ತದೋ ಅದನ್ನೇ ಮಾಡಬೇಕು: ಜೊತೆಗೊಬ್ಬರನ್ನು ಇಟ್ಟುಕೊಂಡು ಸ್ಟೇಷನ್ನಿನ ಸೇತುವೆ ಹತ್ತಿ ಇಳಿಯಿರಿ, ಒಲೆಯ ಮುಂದೆ ನಿಲ್ಲಿ. ಅರ್ಧ ಗಂಟೆಗೊಮ್ಮೆ ನೋವಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಹಾಕಿ ಬರೆದಿಡಿ. ಮಂಪರಿನ ಮದ್ದು, ನೋವಿನ ಮಾತ್ರೆ ಅಂದು ಬೇಡ, ಲೆಕ್ಕ ಕೆಡುತ್ತದೆ. ಒಂದೇ ಸಲದ ಪರೀಕ್ಷೆಗೆ ಸುಳ್ಳು ಭರವಸೆ ಹುಟ್ಟಿಸುವ ಚಾಳಿಯಿದೆ, ಆದ್ದರಿಂದ ಇನ್ನೊಂದು ದಿನ ಮತ್ತೊಮ್ಮೆ ಮಾಡುತ್ತೀರಾ ಎಂದು ಕೇಳಿ. ಪರೀಕ್ಷೆಯೇ ಬೇಡ, ನೇರವಾಗಿ ಸುಡೋಣ ಎನ್ನುವವರಿಂದ ಎದ್ದು ಬನ್ನಿ.

ಪರೀಕ್ಷಾ ಇಂಜೆಕ್ಷನ್ ಕೊಟ್ಟಾಗ ಭಾವನ ಅಂಕ ಎಂಟರಿಂದ ಏಳಕ್ಕೆ ಇಳಿಯಿತು, ಅಷ್ಟೇ. ನೋವು ಆ ಕೀಲಿನದಲ್ಲ ಎಂದು ತಿಳಿದು ಅವನು ಸುಡಿಸಲಿಲ್ಲ. ಅದನ್ನು ಸೋಲೆಂದು ಅಕ್ಕ ಅತ್ತಳು, ನನಗೆ ಹಾಗೆನಿಸಲಿಲ್ಲ. ಬೇಡದ ಚಿಕಿತ್ಸೆ ತಪ್ಪಿತಲ್ಲ.

ಅಂಕ ಚೆನ್ನಾಗಿ ಇಳಿದವರು ಮಾಡಿಸಲಿ ಎಂದೇ ನಾನು ಹೇಳುವುದು, ಒಂದು ಷರತ್ತಿನ ಮೇಲೆ: ಸಿಗುವ ತಿಂಗಳುಗಳನ್ನು ಬೆನ್ನು, ಹೊಟ್ಟೆಯ ಸ್ನಾಯು ಬಲಪಡಿಸಲು ಬಳಸಬೇಕು. 2023ರ ಕೊನೆಗೆ ವಿಶ್ವ ಆರೋಗ್ಯ ಸಂಸ್ಥೆ ದೀರ್ಘಕಾಲದ ಸೊಂಟನೋವಿಗೆ ಕೊಟ್ಟ ಮಾರ್ಗಸೂಚಿಯಲ್ಲೂ ವ್ಯಾಯಾಮಕ್ಕೆ ಜಾಗವಿದೆ. ನಡೆಯಲು ನಮಗೆ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದಂಥ ಹಸಿರು ಪಕ್ಕದಲ್ಲೇ ಇದೆ. ಎರಡನೆಯ ಅಭಿಪ್ರಾಯ ಬೇಕೆಂದರೆ ಪರೇಲಿನ ಕೆ.ಇ.ಎಂ.ನಂಥ ಪಾಲಿಕೆ ಆಸ್ಪತ್ರೆಯ ಸಾಲಿನಲ್ಲಿ ಒಂದು ದಿನ ಕಳೆಯಲು ಹಿಂಜರಿಯಬೇಡಿ. ಪರೀಕ್ಷೆಗೆಷ್ಟು, ಚಿಕಿತ್ಸೆಗೆಷ್ಟು, ಮತ್ತೆ ಮಾಡಿಸಬೇಕಾದರೆ ಎಷ್ಟು ಎಂದು ಮೊದಲೇ ಬರೆಸಿಕೊಳ್ಳಿ. ವಿಮಾ ಕಂಪನಿಯವರ ಒಪ್ಪಿಗೆಯೂ ಬಾಯಿಮಾತಿನಲ್ಲಿ ಬೇಡ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು, ಪೇಸ್‌ಮೇಕರ್ ಇರುವವರು, ಸಕ್ಕರೆ ಕಾಯಿಲೆಯವರು ಅದನ್ನು ಮೊದಲ ಭೇಟಿಯಲ್ಲೇ ವೈದ್ಯರಿಗೆ ಹೇಳಬೇಕು.