ರೋಗಶಯ್ಯೆಯ ಬಳಿ ರಾಮಾಯಣ

19ನೆಯ ಶತಮಾನದ ಕಾಠಿಯಾವಾಡದಲ್ಲಿ, ಅಂದರೆ ಬ್ರಿಟಿಷರ ಅಧೀನದಲ್ಲಿ ಹಲವು ಸಂಸ್ಥಾನಗಳಾಗಿ ಹಂಚಿಹೋಗಿದ್ದ ಗುಜರಾತಿನ ಪರ್ಯಾಯ ದ್ವೀಪದಲ್ಲಿ, ದಿವಾನರಾಗಿದ್ದ ಕರಮಚಂದ ಗಾಂಧಿಯವರು ಕಾಯಿಲೆಬಿದ್ದು ಪೋರಬಂದರಿನಲ್ಲಿದ್ದಾಗ, ಬೀಲೇಶ್ವರದ ಲಾಧಾ ಮಹಾರಾಜರು ಪ್ರತಿ ಸಂಜೆ ಅವರಿಗೆ ರಾಮಾಯಣವನ್ನು ಓದಿ ಹೇಳುತ್ತಿದ್ದರು. ಎರಡು ಸಾಲಿನ ದೋಹೆಗಳನ್ನೂ ನಾಲ್ಕು ಪಾದಗಳ ಚೌಪಾಯಿಗಳನ್ನೂ ಹಾಡಿ, ಅರ್ಥವನ್ನೂ ತಾವೇ ಬಿಡಿಸುತ್ತಿದ್ದರು. ಕನ್ನಡದ ಗಮಕದಲ್ಲಾದರೆ ವಾಚನಕ್ಕೊಬ್ಬರು, ವ್ಯಾಖ್ಯಾನಕ್ಕೊಬ್ಬರು ಇರುವುದೇ ರೂಢಿ. ಲಾಧಾ ಮಹಾರಾಜರ ಕಂಠಕ್ಕೆ ಮನಸೋತವರಲ್ಲಿ ಸುಮಾರು 13 ವರ್ಷದ ಮಗ ಮೋಹನದಾಸರೂ ಒಬ್ಬರು. ರಾಜಕೋಟೆಗೆ ಬಂದ ಮೇಲೆ ಏಕಾದಶಿಗಳಂದು ಭಾಗವತದ ಪಾರಾಯಣವಿದ್ದರೂ ಓದುವವರಲ್ಲಿ ಕಳೆಯಿರಲಿಲ್ಲವೆಂದು ಆತ್ಮಕಥೆಯಲ್ಲಿ ದೂರುವ ಅವರು, ಮುಂದೆ 1924ರ 21 ದಿನಗಳ ಉಪವಾಸದಲ್ಲಿ ಮದನಮೋಹನ ಮಾಳವೀಯರ ಬಾಯಿಂದ ಅದೇ ಭಾಗವತದ ಮೂಲವನ್ನು ಕೇಳಿ, ಬಾಲ್ಯದಲ್ಲೇ ಇಂಥವರು ಓದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತೆಂದು ಹಂಬಲಿಸಿದರು.