ಕುಪ್ಪಚ್ಚೀರ: ತಿಪ್ಪೆಯಿಂದ ದ್ರಾವಣಕ್ಕೆ

ಕನ್ನಡದ ‘ಕೀರೆ’ಯೇ ಮಲಯಾಳದ ‘ಚೀರ’. ಕಿವಿ–ಚೆವಿಗಳಲ್ಲಿರುವಂತೆ ಇಲ್ಲಿಯೂ ಕಕಾರವು ಚಕಾರವಾಗಿದೆ. ಕೊಚ್ಚಿ, ತಿರುವನಂತಪುರಗಳ ಹಿತ್ತಿಲುಗಳಲ್ಲಿ ತಾನಾಗಿ ಹುಟ್ಟುವ ಇದರ ಕಾಡುಜಾತಿಗೆ ಕುಪ್ಪಚ್ಚೀರ, ಎಂದರೆ ತಿಪ್ಪೆಯ ಕೀರೆ, ಎಂದು ಹೆಸರು. ಸಸ್ಯದ ಆಹಾರವನ್ನು ಹೆಸರೇ ಹೇಳಿಬಿಟ್ಟಿದೆ: ತಿಪ್ಪೆ ಸಾರಜನಕದ ನೆಲೆ.

ಮಣ್ಣಿಲ್ಲದ ಜಲಕೃಷಿಯಲ್ಲಿ ತಿಪ್ಪೆಯ ಕೆಲಸವನ್ನು ಪೋಷಕ ದ್ರಾವಣವೇ ನಿರ್ವಹಿಸಬೇಕು. 1938ರಲ್ಲಿ ಹೋಗ್ಲಂಡ್ ಮತ್ತು ಆರ್ನನ್ ಪ್ರಕಟಿಸಿದ ಪ್ರಸಿದ್ಧ ದ್ರಾವಣಗಳಲ್ಲಿ ಸಾರಜನಕವು ಬಹುಮಟ್ಟಿಗೆ ನೈಟ್ರೇಟ್ ರೂಪದಲ್ಲಿದೆ. ದ್ರಾವಣ ತೀರ ತೆಳುವಾದರೆ ಎಲೆ ಹಳದಿಗಟ್ಟುತ್ತದೆ; ಅತಿ ಸಾಂದ್ರವಾದರೆ ಬೇರು ನೀರೆಳೆಯಲಾರದು. ನಿಜವಾದ ತೊಡಕಿರುವುದು ನಡುವಣ ಸಮೃದ್ಧಿಯಲ್ಲಿ. ನೈಟ್ರೇಟನ್ನು ಪ್ರೋಟೀನಾಗಿ ಮಾರ್ಪಡಿಸಿಕೊಳ್ಳಲು ಎಲೆಗೆ ಬೆಳಕು ಬೇಕು. ಕರ್ಕಾಟಕ ಮಾಸದ, ತುಳುವರ ಆಟಿಯ, ಮೋಡದಡಿಯಲ್ಲಿ ಅದು ಎಲೆಯಲ್ಲಿಯೇ ಶೇಖರವಾಗುತ್ತದೆ. ಕೇರಳೀಯರು ‘ಪತ್ತಿಲ’ವೆಂಬ ಹತ್ತು ಸೊಪ್ಪುಗಳನ್ನು ಉಣ್ಣುವುದಾದರೂ ಆ ತಿಂಗಳಲ್ಲಿಯೇ! ಕಣ್ಣಿಗೆ ಹುಲುಸಾಗಿ ಕಂಡ ಸೊಪ್ಪು ಎಳೆಗೂಸಿಗೂ ಹಿತವೆನ್ನುವಂತಿಲ್ಲ.

ಸಾರಜನಕದ ಒಂದಂಶವನ್ನು ಅಮೋನಿಯಂ ರೂಪದಲ್ಲಿ ಕೊಟ್ಟರೆ ನೈಟ್ರೇಟೂ ಆಕ್ಸಲೇಟೂ ತಗ್ಗುತ್ತವೆ. ಮಿತಿಮೀರಿದರೆ ಅದು ಬೇರಿಗೆ ವಿಷ. ಕೊಯ್ಲಿಗೆ ಕೆಲವು ದಿನ ಮುನ್ನ ದ್ರಾವಣದ ನೈಟ್ರೇಟನ್ನು ಇಳಿಸುವುದೇ ಮೇಲು. ಸೊಪ್ಪು ಬೆಂದ ನೀರನ್ನು ಬಸಿದು ಚೆಲ್ಲಿದರೂ ಕೊಂಚ ಕಳೆಯುತ್ತದೆ. ಆ ನೀರಿನಿಂದಲೇ ಬಸ್ಸಾರು ಮಾಡುವ ಹಳೆಯ ಮೈಸೂರಿನವರಿಗೆ ಮಾತ್ರ ಈ ರಕ್ಷೆಯಿಲ್ಲ.